ಕನ್ನಡಿ ದೆವ್ವ, ಅಕ್ಕ-ತಮ್ಮ ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್



ಇವತ್ತಿನ ವಿಷಯ ಕನ್ನಡಿ ದೆವ್ವ. ಹೆಸರು ಕೇಳಿ ಕೆಲವರು ನಗ್ತೀರಿ, ಕೆಲವರು ಮನೆಯ ಬೆಡ್‌ರೂಮಿನ ಕನ್ನಡಿ ಕಡೆ ಒಮ್ಮೆ ತಿರುಗಿ ನೋಡ್ತೀರಿ. ಇಬ್ಬರಿಗೂ ಈ ಮಾತಿನಲ್ಲಿ ಏನಾದರೂ ಸಿಗುತ್ತೆ ಅಂದುಕೊಂಡಿದ್ದೇನೆ. ನಾನು ಸಾಫ್ಟ್‌ವೇರ್ ಇಂಜಿನಿಯರ್. ಲಾಗ್ ಓದುವುದು, ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆದರೆ ಎದ್ದು ಎಲ್ಲಿ ಏನು ಕೆಟ್ಟಿತು ಅಂತ ಹುಡುಕುವುದು ನನ್ನ ಹೊಟ್ಟೆಪಾಡು. ಹಾಗಾಗಿ ದೆವ್ವದ ಕಥೆಯನ್ನೂ ನಾನು ಅದೇ ಕಣ್ಣಿನಿಂದ ನೋಡುವವನು.

ಮೊದಲು ಸಿನಿಮಾ. ಮೈಕ್ ಫ್ಲಾನಗನ್ ಅನ್ನುವ ಅಮೆರಿಕದ ನಿರ್ದೇಶಕ 'ಆಕ್ಯುಲಸ್' ಅಂತ ಒಂದು ಚಿತ್ರ ಮಾಡಿದರು. 2013ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ತೋರಿಸಿದರು, 2014ರಲ್ಲಿ ಥಿಯೇಟರಿಗೆ ಬಂತು. ಮುಂದೆ ಕಥೆಯ ಕೊನೆಯನ್ನೂ ಹೇಳ್ತೇನೆ, ನೋಡಬೇಕು ಅಂತಿರುವವರು ಇಲ್ಲೇ ನಿಲ್ಲಿಸಿ, ನೋಡಿ ಬನ್ನಿ.

ಅಕ್ಕ, ತಮ್ಮ. ಚಿಕ್ಕವರಿದ್ದಾಗ ಮನೆಗೆ ಒಂದು ಹಳೇ ಕನ್ನಡಿ ಬಂತು. ಅದಾದ ಮೇಲೆ ಅಪ್ಪನ ಬುದ್ಧಿ ಕೆಟ್ಟಿತು, ಅಮ್ಮ ಸತ್ತಳು, ಅಪ್ಪನೂ ಸತ್ತ. ತಮ್ಮ ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿದ್ದು, 'ಕನ್ನಡಿಯಲ್ಲಿ ಏನೂ ಇರಲಿಲ್ಲ, ನಮ್ಮ ಮನೆಯಲ್ಲೇ ರೋಗ ಇತ್ತು' ಅಂತ ಒಪ್ಪಿಕೊಂಡು ಹೊರಗೆ ಬರ್ತಾನೆ. ಅಕ್ಕ ಅಷ್ಟೂ ವರ್ಷ ಕಾಯ್ತಾ ಇರ್ತಾಳೆ, 'ಎಲ್ಲ ಮಾಡಿದ್ದು ಆ ಕನ್ನಡಿಯೇ, ಸಾಬೀತು ಮಾಡೋಣ ಬಾ' ಅಂತ. ಬಾಲ್ಯ ಒಂದೇ, ಮನೆ ಒಂದೇ, ನೆನಪು ಮಾತ್ರ ಎರಡು.

ಅಕ್ಕನ ತಯಾರಿ ನೋಡಿದರೆ ನಮ್ಮಂಥ ಇಂಜಿನಿಯರುಗಳಿಗೆ ಖುಷಿಯಾಗುತ್ತೆ. ಕೋಣೆ ತುಂಬ ಕ್ಯಾಮೆರಾಗಳು. ತಾಪಮಾನ ಅಳೆಯುವ ಸಾಧನ. ಕನ್ನಡಿಯ ಪ್ರಭಾವ ಎಷ್ಟು ದೂರ ಅಂತ ತಿಳಿಯಲು ಅಲ್ಲಲ್ಲಿ ಗಿಡದ ಕುಂಡಗಳು. ನೀರು ಕುಡಿಯಲು, ಊಟ ಮಾಡಲು ಅಲಾರಂ. ಮದುವೆಯಾಗಬೇಕಾದ ಹುಡುಗ ಗಂಟೆಗೊಮ್ಮೆ ಫೋನ್ ಮಾಡಿ ವಿಚಾರಿಸಬೇಕು. ಕೊನೆಯದಾಗಿ ಮಾಡಿನಿಂದ ಕನ್ನಡಿಯ ಕಡೆಗೆ ಗುರಿ ಇಟ್ಟು ಕಟ್ಟಿದ ಒಂದು ಭಾರೀ ಲಂಗರು. ಅದಕ್ಕೊಂದು ಟೈಮರ್. ಆಗಾಗ ಬಂದು ರೀಸೆಟ್ ಮಾಡದಿದ್ದರೆ ಲಂಗರು ಬಿದ್ದು ಕನ್ನಡಿ ಪುಡಿಯಾಗಬೇಕು. ಇದಕ್ಕೆ ನಾವು ವಾಚ್‌ಡಾಗ್ ಟೈಮರ್ ಅಂತೀವಿ. ನೀವು ಬಳಸುವ ಎಷ್ಟೋ ಯಂತ್ರಗಳ ಒಳಗೆ ಇಂಥದ್ದೊಂದು ಇರುತ್ತೆ. ಮುಖ್ಯ ಪ್ರೋಗ್ರಾಂ 'ನಾನು ಬದುಕಿದ್ದೇನೆ' ಅಂತ ಆಗಾಗ ಹೇಳ್ತಾ ಇರಬೇಕು. ಹೇಳದಿದ್ದರೆ ಅದು ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ, ಟೈಮರ್ ಯಂತ್ರವನ್ನು ಮತ್ತೆ ಶುರು ಮಾಡುತ್ತೆ.

ಇಷ್ಟೆಲ್ಲ ಇದ್ದೂ ಅಕ್ಕ ಸೋಲ್ತಾಳೆ. ಯಾಕೆ? ಕ್ಯಾಮೆರಾ ಕೆಡಲಿಲ್ಲ, ಟೈಮರ್ ಕೂಡ ಸರಿಯಾಗೇ ನಡೆಯಿತು. ಕೆಟ್ಟದ್ದು ಅದನ್ನು ನೋಡುವ ಕಣ್ಣು. ಕ್ಯಾಮೆರಾಗಳು ಜಾಗ ಬದಲಿಸಿವೆ ಅಂತ ಗಾಬರಿಯಾಗಿ ವಿಡಿಯೋ ಹಾಕಿ ನೋಡಿದರೆ, ಬದಲಿಸಿದ್ದು ತಾವೇ. ಇಬ್ಬರಿಗೂ ನೆನಪಿಲ್ಲ! ಎಷ್ಟು ಸೆನ್ಸರ್ ಇಟ್ಟರೂ ಅವೆಲ್ಲದರ ರೀಡಿಂಗ್ ಕೊನೆಗೆ ಸೇರುವುದು ಒಂದೇ ತಲೆಗೆ. ಆ ತಲೆಯೇ ಕನ್ನಡಿಯ ಹಿಡಿತದಲ್ಲಿದ್ದರೆ ಉಳಿದದ್ದೆಲ್ಲ ಅಲಂಕಾರ. ಕಡೆಗೆ ಖಾಲಿ ಕನ್ನಡಿ ಅಂದುಕೊಂಡು ತಮ್ಮನೇ ಲಂಗರು ಬಿಡ್ತಾನೆ, ಅದರ ಮುಂದೆ ನಿಂತಿದ್ದವಳು ಅಕ್ಕ.

ಈ ಚಿತ್ರಕ್ಕೆ ನಮ್ಮ ಮುಂಬಯಿಯ ಹಿಂದಿ ಚಿತ್ರರಂಗ ಒಂದು ರೀಮೇಕ್ ಮಾಡಿತು: 'ದೊಬಾರಾ: ಸೀ ಯುವರ್ ಈವಿಲ್'. ನಿರ್ದೇಶಕ ಪ್ರವಾಲ್ ರಾಮನ್, ಬಿಡುಗಡೆ 2017ರ ಜೂನ್ 2. ಅಕ್ಕನ ಪಾತ್ರದಲ್ಲಿ ಹುಮಾ ಖುರೇಶಿ, ತಮ್ಮನ ಪಾತ್ರದಲ್ಲಿ ಸಾಕಿಬ್ ಸಲೀಂ. ಇವರಿಬ್ಬರು ನಿಜವಾಗಿಯೂ ಒಡಹುಟ್ಟಿದವರು. ಎಷ್ಟು ಜನ ಚಿತ್ರ ನೋಡಿದರೋ ಬಿಡಿ, ಈ ಆಯ್ಕೆ ಮಾತ್ರ ನನಗೆ ಹಿಡಿಸಿತು. 'ನಿಂಗೇನು ಗೊತ್ತು, ನೀನಾಗ ಸಣ್ಣವನು' ಅಂತ ಅಕ್ಕ ಒಂದು ಮಾತು ಅಂದರೆ ತಮ್ಮನ ಮುಖದಲ್ಲಿ ಬರುವ ಭಾವ ಇದೆಯಲ್ಲ, ಅದನ್ನು ಯಾವ ನಟನಾ ಶಾಲೆಯೂ ಕಲಿಸೋದಿಲ್ಲ.

ಅಂದಹಾಗೆ, ಮುಂಬಯಿಗೆ ದೆವ್ವದ ಸಿನಿಮಾ ರೂಢಿ ಮಾಡಿಸಿದವರೂ ಒಡಹುಟ್ಟಿದವರೇ. ರಾಮ್ಸೇ ಸಹೋದರರು, ಏಳು ಮಂದಿ. ಅವರ ತಂದೆ ಎಫ್.ಯು. ರಾಮ್ಸೇ, ದೇಶ ವಿಭಜನೆಯ ನಂತರ ಕರಾಚಿಯಿಂದ ಬಂದು ಲ್ಯಾಮಿಂಗ್ಟನ್ ರೋಡಿನಲ್ಲಿ ರೇಡಿಯೋ ಅಂಗಡಿ ನಡೆಸುತ್ತಿದ್ದವರು. ಮುಂಬಯಿಯಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಈ ರಸ್ತೆಯ ಪರಿಚಯ ಹೇಳಬೇಕಾಗಿಲ್ಲ, ಪ್ರಾಜೆಕ್ಟಿನ ಬಿಡಿಭಾಗಕ್ಕೆ ಎಲ್ಲರೂ ಅಲೆದದ್ದು ಅಲ್ಲೇ. 1970ರ ಅವರ ಒಂದು ಚಿತ್ರ ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿ ಕಳ್ಳತನಕ್ಕೆ ಬರುವ ಒಂದು ದೃಶ್ಯಕ್ಕೆ ಮಾತ್ರ ಜನ ಬೆಚ್ಚಿಬಿದ್ದು ಮೆಚ್ಚಿದರು. ಅದನ್ನು ಗಮನಿಸಿದ ಮಕ್ಕಳು 1972ರಲ್ಲಿ 'ದೋ ಗಜ್ ಜಮೀನ್ ಕೆ ನೀಚೆ' ಮಾಡಿದರು, 1984ರಲ್ಲಿ 'ಪುರಾನಾ ಮಂದಿರ್'. ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ, ಒಬ್ಬ ಬರವಣಿಗೆ ಅಂತ ಮನೆಯೊಳಗೇ ಕೆಲಸ ಹಂಚಿಕೊಂಡರು. ಹೆದರಿಕೆಯನ್ನೂ ಕುಟುಂಬವಾಗಿ ತಯಾರು ಮಾಡಬಹುದು ಅಂತ ತೋರಿಸಿಕೊಟ್ಟವರು ಅವರು.

ಈಗ ಕನ್ನಡಿಗೆ ಬರೋಣ. ನಮ್ಮ ಕಡೆ ಕನ್ನಡಿ ಮಂಗಳ ವಸ್ತು. ಮದುವೆ ದಿಬ್ಬಣ ಎದುರುಗೊಳ್ಳಲು ಕಳಸ-ಕನ್ನಡಿ ಬೇಕು. ಗೌರಿ ಹಬ್ಬದ ಬಾಗಿನದಲ್ಲಿ ಬಳೆ, ಬಾಚಣಿಗೆಯ ಜೊತೆ ಪುಟ್ಟ ಕನ್ನಡಿ ಇರುತ್ತೆ. ಬಿಸುವಿನ ಕಣಿಯಲ್ಲಿ ಕನ್ನಡಿ ಇಡ್ತಾರೆ. ಕಾಸರಗೋಡು, ಕಣ್ಣೂರಿನ ತೆಯ್ಯಂ ನೋಡಿದವರಿಗೆ ಗೊತ್ತು, ತಲೆಗೆ ಮುಡಿ ಏರಿಸಿದ ಮೇಲೆ ಕಲಾವಿದನ ಕೈಗೆ ಒಂದು ಕನ್ನಡಿ ಕೊಡ್ತಾರೆ. ಅದರಲ್ಲಿ ತನ್ನ ಮುಖ ನೋಡಿಕೊಂಡ ಆ ಗಳಿಗೆಯಿಂದ ಅವನು ಮನುಷ್ಯನಲ್ಲ, ದೈವ. ಆದರೆ ಅದೇ ನಮ್ಮ ಮನೆಗಳಲ್ಲಿ 'ರಾತ್ರಿ ಕನ್ನಡಿ ನೋಡಬಾರದು', 'ಒಡೆದ ಕನ್ನಡಿ ಮನೆಯಲ್ಲಿ ಇಡಬಾರದು' ಅಂತಲೂ ಹೇಳ್ತಾರೆ. ಒಂದೇ ವಸ್ತು. ಒಂದು ಕಡೆ ಅದರಲ್ಲಿ ದೇವರು, ಇನ್ನೊಂದು ಕಡೆ ಪ್ರೇತ. ಎರಡರಲ್ಲೂ ಸಮಾನವಾದದ್ದು ಇಷ್ಟೇ: ಕನ್ನಡಿಯಲ್ಲಿ ಕಾಣುವುದು ನಾನಲ್ಲ, ಬೇರೆ ಯಾರೋ.

ಇದು ಬರೀ ನಂಬಿಕೆಯಾ? 2010ರಲ್ಲಿ ಇಟಲಿಯ ಉರ್ಬಿನೋ ವಿಶ್ವವಿದ್ಯಾಲಯದ ಜೊವಾನ್ನಿ ಕಪುಟೊ ಒಂದು ಪ್ರಯೋಗ ಪ್ರಕಟಿಸಿದರು. 50 ಜನರನ್ನು ಒಬ್ಬೊಬ್ಬರಾಗಿ ಮಂದ ಬೆಳಕಿನ ಕೋಣೆಯಲ್ಲಿ ಕನ್ನಡಿ ಮುಂದೆ 10 ನಿಮಿಷ ಕೂರಿಸಿದರು. ನೂರಕ್ಕೆ 66 ಮಂದಿಗೆ ತಮ್ಮ ಮುಖ ವಿಕಾರವಾಗಿ ಕಂಡಿತು. ನೂರಕ್ಕೆ 28 ಮಂದಿಗೆ ಅಪರಿಚಿತ ಮುಖ, 18 ಮಂದಿಗೆ ತಮ್ಮ ತಂದೆ ಅಥವಾ ತಾಯಿಯ ಮುಖ, 48 ಮಂದಿಗೆ ಭೂತದಂಥ ಆಕೃತಿ. ಇವರೆಲ್ಲ ಆರೋಗ್ಯವಂತರೇ. ಇದಕ್ಕೆ ಒಂದು ಕಾರಣ 1804ರಷ್ಟು ಹಿಂದೆಯೇ ಟ್ರಾಕ್ಸ್ಲರ್ ಅನ್ನುವ ಸ್ವಿಸ್ ವೈದ್ಯರು ಗಮನಿಸಿದ್ದು: ಕಣ್ಣು ಒಂದೇ ಕಡೆ ನೆಟ್ಟರೆ ಸುತ್ತಲಿನ ವಿವರಗಳು ನಿಧಾನವಾಗಿ ಮಾಯವಾಗುತ್ತವೆ. ಹಾಗೆ ಖಾಲಿ ಬಿದ್ದ ಜಾಗವನ್ನು ಮಿದುಳು ತನಗೆ ಗೊತ್ತಿರುವ ಮುಖಗಳಿಂದ ತುಂಬಿಸುತ್ತೆ ಅಂತ ಊಹೆ. ಅಜ್ಜಿ 'ರಾತ್ರಿ ಕನ್ನಡಿ ನೋಡಬೇಡ' ಅಂದದ್ದು ಚಿಮಣಿ ಬುಡ್ಡಿಯ ಕಾಲದಲ್ಲಿ ಅನ್ನೋದು ನೆನಪಿರಲಿ.

ಇಲ್ಲಿಯವರೆಗೆ ಓದಿದ್ದು, ನೋಡಿದ್ದು. ಈಗ ನಮ್ಮ ಮನೆಯದ್ದು. ಅಕ್ಕನನ್ನು ಕೇಳಿಯೇ ಹೇಳ್ತಿದ್ದೇನೆ.

ನಮ್ಮ ಅಮ್ಮನ ಮನೆ ಡೊಂಬಿವಲಿಯಲ್ಲಿ. ಅಪ್ಪ ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು, ಈಗಿಲ್ಲ. ಅವರು ಎಂಬತ್ತರ ದಶಕದಲ್ಲಿ ಚೋರ್ ಬಜಾರಿನ ಮಟನ್ ಸ್ಟ್ರೀಟಿನಿಂದ ಒಂದು ನಿಲುವುಗನ್ನಡಿ ತಂದಿದ್ದರು. ಸಾಗುವಾನಿ ಚೌಕಟ್ಟು, ದಪ್ಪ ಗಾಜು. ಯಾರ ಮನೆಯದ್ದೋ ಗೊತ್ತಿಲ್ಲ. ಎರಡು ವರ್ಷದ ಹಿಂದೆ, ಅಮ್ಮನಿಗೆ ಎಪ್ಪತ್ತೊಂದು, ಒಂದು ಸಂಜೆ ಅಕ್ಕ ಮೀರಾ ರೋಡಿನಿಂದ ಬಂದವಳು ಅಮ್ಮನ ತಲೆ ಬಾಚ್ತಾ ಕನ್ನಡಿ ಮುಂದೆ ಕೂತಿದ್ದಾಳೆ. ಅಮ್ಮ ಕನ್ನಡಿಯೊಳಗೆ ಬೆರಳು ತೋರಿಸಿ ಕೇಳಿದರಂತೆ: 'ಇದು ನೀನು. ನಿನ್ನ ಹತ್ರ ಕೂತಿದ್ದಾಳಲ್ಲ, ಆ ಹೆಂಗಸು ಯಾರು?'

ಅಕ್ಕ ಅವತ್ತು ರಾತ್ರಿ ಫೋನ್ ಮಾಡಿದಾಗ ಅವಳ ಧ್ವನಿ ನಡುಗ್ತಿತ್ತು. ನೀವೇ ಯೋಚನೆ ಮಾಡಿ. ಅಮ್ಮನ ಕಣ್ಣು ಮಂಜಾಗಿದ್ದರೆ ಅಕ್ಕನ ಮುಖವೂ ಗುರುತು ಸಿಗಬಾರದಿತ್ತು. ಅಕ್ಕ ಸರಿಯಾಗಿ ಕಂಡಿದ್ದಾಳೆ, ಪಕ್ಕದಲ್ಲಿ ಮಾತ್ರ ಯಾರೋ. ಆಮೇಲೆ ಅಮ್ಮ ಆ ಹೆಂಗಸಿಗೆ ಚಹಾ ಇಡಲು ಶುರು ಮಾಡಿದರು. ಕೆಲವು ದಿನ ಜಗಳ: 'ನನ್ನ ಸೀರೆ ಉಟ್ಟಿದ್ದಾಳೆ ನೋಡು.'

ಅಕ್ಕ ಅಂದಳು, 'ಆ ಕನ್ನಡಿ ಸರಿ ಇಲ್ಲ ಮಾರಾಯ. ಯಾರು ಸತ್ತ ಮನೆಯಿಂದ ಬಂದದ್ದೋ ಏನೋ. ಗಾಜಿನ ಮೂಲೆಯಲ್ಲಿ ಕಪ್ಪು ಕಲೆ ಉಂಟಲ್ಲ, ಅದು ವರ್ಷದಿಂದ ವರ್ಷಕ್ಕೆ ದೊಡ್ಡದಾಗ್ತಾ ಉಂಟು. ತೆಗೆದು ಹಾಕುವ.' ನಾನು ಅಂದೆ, 'ಅಕ್ಕ, ಗಾಜಿನ ಹಿಂದೆ ಬೆಳ್ಳಿಯ ತೆಳು ಲೇಪ ಇರುತ್ತೆ. 1835ರಲ್ಲಿ ಲೀಬಿಗ್ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ ಕಂಡುಹಿಡಿದ ವಿಧಾನ. ಮುಂಬಯಿಯ ಮಳೆಗಾಲದ ತೇವಕ್ಕೆ ಅಂಚಿನಿಂದ ಬೆಳ್ಳಿ ಕಪ್ಪಾಗ್ತಾ ಬರುತ್ತೆ. ಅಮ್ಮನನ್ನು ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ.' 'ಅಮ್ಮನಿಗೆ ಹುಚ್ಚು ಅಂತೀಯಾ?' ಅಂದಳು. ಫೋನ್ ಇಟ್ಟಳು.

ಕ್ಯಾಮೆರಾ ಹಾಕೋಣ ಅಂತ ನನ್ನ ಸಲಹೆ. ಅಕ್ಕ ಒಪ್ಪಲಿಲ್ಲ. 'ಅಮ್ಮ ಬಟ್ಟೆ ಬದಲಿಸುವ ಕೋಣೆ ಅದು. ನಿಂಗೆ ಲೆಕ್ಕ ಬೇಕಾದ್ರೆ ನಾನು ಬರೆದು ಇಡ್ತೇನೆ.' ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಳು. ಮೂರು ವಾರ ಡೊಂಬಿವಲಿಯಲ್ಲೇ ಉಳಿದಳು. ದಿನಾಂಕ, ಗಂಟೆ, ಕೋಣೆಯಲ್ಲಿ ಯಾವ ಲೈಟ್ ಇತ್ತು, ಅಮ್ಮ ಏನು ಅಂದರು, ಅದಕ್ಕೆ ಮೊದಲು ಊಟ-ನಿದ್ದೆ ಹೇಗಿತ್ತು. ಎಲ್ಲ ಕಾಲಂ ಅವಳದ್ದೇ. ಹದಿನೆಂಟು ಸಲ ಆ ಹೆಂಗಸು ಬಂದಿದ್ದಳು. ಅದರಲ್ಲಿ ಹದಿನೈದು ಸಲ ಸಂಜೆ ಆರರಿಂದ ಒಂಬತ್ತರ ಒಳಗೆ.

ಆ ನೋಟ್‌ಬುಕ್ ಹಿಡಿದುಕೊಂಡು ಇಬ್ಬರೂ ನರರೋಗ ತಜ್ಞರ ಬಳಿ ಹೋದೆವು. ಅವರು ಪುಟ ತಿರುವಿ, 'ಇದನ್ನು ಬರೆದವರು ಯಾರು? ಅರ್ಧ ಕೆಲಸ ಆಯಿತು' ಅಂದರು. ರಕ್ತ ಪರೀಕ್ಷೆ, ಸ್ಕ್ಯಾನ್, ನೆನಪಿನ ಪರೀಕ್ಷೆ. ಅಮ್ಮನಿಗೆ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ. ಕನ್ನಡಿಯ ತನ್ನದೇ ರೂಪವನ್ನು ಬೇರೆಯವರು ಅಂದುಕೊಳ್ಳುವುದು ಈ ಕಾಯಿಲೆಯಲ್ಲಿ ಕೆಲವರಿಗೆ ಬರುತ್ತೆ. ಪಕ್ಕದಲ್ಲಿರುವವರನ್ನು ಸರಿಯಾಗಿ ಗುರುತಿಸಿ ತಮ್ಮನ್ನು ಮಾತ್ರ ಗುರುತಿಸದವರೂ ಇದ್ದಾರೆ. ಸಂಜೆ ಹೊತ್ತಿಗೆ ಗೊಂದಲ ಹೆಚ್ಚುವುದೂ ಈ ಕಾಯಿಲೆಯ ಲಕ್ಷಣವೇ.

ಇದರಲ್ಲಿ ಆಶ್ಚರ್ಯಪಡುವಂಥದ್ದು ಇಲ್ಲ ಅಂತ ಆಮೇಲೆ ಓದಿದಾಗ ಗೊತ್ತಾಯ್ತು. ಕನ್ನಡಿಯಲ್ಲಿ ಇರುವುದು ನಾನೇ ಅನ್ನುವುದು ಹುಟ್ಟಿದಾಗಲೇ ಬರುವ ಜ್ಞಾನ ಅಲ್ಲ. ಸಾಮಾನ್ಯವಾಗಿ ಮಕ್ಕಳಿಗೆ ಒಂದೂವರೆ-ಎರಡು ವರ್ಷದಲ್ಲಿ ಬರುತ್ತೆ. 1970ರಲ್ಲಿ ಗಾರ್ಡನ್ ಗ್ಯಾಲಪ್ ಅನ್ನುವ ಮನಶ್ಶಾಸ್ತ್ರಜ್ಞ ಚಿಂಪಾಂಜಿಗಳಿಗೂ ಇದು ಸಾಧ್ಯ ಅಂತ ತೋರಿಸಿದರು. ಮಿದುಳು ಕಲಿತದ್ದನ್ನು ಮಿದುಳಿನ ಕಾಯಿಲೆ ಕಸಿದುಕೊಳ್ಳಬಹುದು. ಅಮ್ಮನಿಗೆ ಕನ್ನಡಿಯಲ್ಲಿ ಕಂಡ ಹೆಂಗಸು ಅಪರಿಚಿತಳಾದದ್ದು ಯಾಕೆ? ಅಮ್ಮನ ಮನಸ್ಸಿನಲ್ಲಿ ತಾನಿನ್ನೂ ಮೂವತ್ತೈದು ವರ್ಷದವಳು. ಎದುರಿಗೆ ಬಿಳಿ ಕೂದಲಿನ ಮುದುಕಿ. ಅವಳು ಯಾರು ಅಂತ ಕೇಳುವುದು ನ್ಯಾಯವಾದ ಪ್ರಶ್ನೆಯೇ.

ಡಾಕ್ಟರ್ ಹೇಳಿದ ಮೊದಲ ಉಪಾಯ ಏನು ಗೊತ್ತಾ? 'ಕನ್ನಡಿ ಮುಚ್ಚಿಬಿಡಿ.' ಅಕ್ಕ ನನ್ನ ಕಡೆ ನೋಡಿದಳು. ಮೊದಲ ದಿನದಿಂದ ಅವಳು ಹೇಳ್ತಾ ಇದ್ದದ್ದೂ ಅದೇ. ದೆವ್ವ ಅನ್ನುವವರ ಪರಿಹಾರ, ರೋಗ ಅನ್ನುವವರ ಪರಿಹಾರ, ಎರಡೂ ಒಂದೇ.

ಹಾಗಾದರೆ ಯಾವ ವಿವರಣೆ ಸರಿ ಅನ್ನುವುದರಿಂದ ಏನು ವ್ಯತ್ಯಾಸ? ನಮ್ಮ ಕೆಲಸದಲ್ಲಿ ಎರಡು ಊಹೆಗಳು ಒಂದೇ ಲಾಗಿಗೆ ಹೊಂದಿದರೆ ನಾವು ಜಗಳ ನಿಲ್ಲಿಸಿ ಒಂದು ಪ್ರಶ್ನೆ ಕೇಳ್ತೇವೆ. ಮುಂದೆ ಏನಾಗಬೇಕು ಅಂತ ಈ ಎರಡು ಊಹೆಗಳು ಬೇರೆ ಬೇರೆ ಹೇಳುತ್ತವೆ? ಕನ್ನಡಿಯಲ್ಲಿ ದೆವ್ವ ಇದ್ದರೆ, ಕನ್ನಡಿ ಹೋದ ದಿನ ಕಥೆ ಮುಗಿಯಬೇಕು. ಕಾಯಿಲೆಯಾದರೆ ಮುಗಿಯುವುದಿಲ್ಲ, ಆ ಹೆಂಗಸು ಬೇರೆ ಕಡೆ ಕಾಣಿಸಿಕೊಳ್ಳಬೇಕು.

ಕನ್ನಡಿಗೆ ಹಳೇ ಬೆಡ್‌ಶೀಟ್ ಹೊದಿಸಿದೆವು. ಹತ್ತು ದಿನ ಅಮ್ಮ ಶಾಂತ. ಹನ್ನೊಂದನೇ ದಿನ ರಾತ್ರಿ ಅಡುಗೆಮನೆಯ ಕಿಟಕಿ ಗಾಜಿನಲ್ಲಿ ಅವಳು ಬಂದಳು. ಹೊರಗೆ ಕತ್ತಲೆ, ಒಳಗೆ ಟ್ಯೂಬ್‌ಲೈಟ್ ಇದ್ದರೆ ಕಿಟಕಿಯೇ ಕನ್ನಡಿ. ಆಮೇಲೆ ಆರಿಸಿಟ್ಟ ಟಿವಿಯಲ್ಲಿ. ಆಮೇಲೆ ಬಿಲ್ಡಿಂಗಿನ ಲಿಫ್ಟ್‌ನ ಸ್ಟೀಲ್ ಗೋಡೆಯಲ್ಲಿ. ಅಕ್ಕ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ಒಂದು ದಿನ ಪುಸ್ತಕ ಮುಚ್ಚಿ ಹೇಳಿದಳು, 'ಅವಳು ಕನ್ನಡಿಯವಳಲ್ಲ. ಅಮ್ಮನ ಜೊತೆಗೇ ಇರುವವಳು. ಇನ್ನು ಓಡಿಸಿ ಪ್ರಯೋಜನ ಇಲ್ಲ, ನೋಡಿಕೊಳ್ಳಬೇಕು.'

ವ್ಯತ್ಯಾಸ ಇರುವುದು ಇಲ್ಲೇ. ದೆವ್ವ ಅಂದುಕೊಂಡರೆ ಕನ್ನಡಿ ಮಾರಿ, ಶಾಂತಿ ಮಾಡಿಸಿ, ಕೈ ತೊಳೆದುಕೊಳ್ಳುತ್ತೇವೆ. ಮತ್ತೆ ಬಂದರೆ ಇನ್ನೊಂದು ಶಾಂತಿ. ಆ ಹೊತ್ತಿಗೆ ಅಮ್ಮ ಗ್ಯಾಸ್ ಹಚ್ಚಿ ಮರೆತಿರುತ್ತಾರೆ, ಬಾಗಿಲು ತೆರೆದು ಸ್ಟೇಷನ್ ಕಡೆ ನಡೆದಿರುತ್ತಾರೆ. ಕಾಯಿಲೆ ಅಂತ ಗೊತ್ತಾದರೆ ಸಂಜೆ ಐದೂವರೆಗೇ ಪರದೆ ಎಳೆದು ಲೈಟ್ ಹಾಕ್ತೇವೆ, ಗ್ಯಾಸಿಗೆ ಬೀಗ ಹಾಕ್ತೇವೆ, ಕೈಗೆ ವಿಳಾಸದ ಬಳೆ ತೊಡಿಸ್ತೇವೆ, ಅಕ್ಕ-ತಮ್ಮ ವಾರ ಹಂಚಿಕೊಳ್ತೇವೆ.

ಇದು ಒಂದು ಮನೆಯ ಕಥೆ ಅಲ್ಲ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ಇವರಲ್ಲಿ ಎಷ್ಟು ಮಂದಿಯ ಮನೆಯವರು 'ಗಾಳಿ ಸೋಕಿದೆ' ಅಂತ ಅಲೆಯುತ್ತಿದ್ದಾರೋ ಯಾರು ಲೆಕ್ಕ ಇಟ್ಟಿದ್ದಾರೆ? ಭೂತ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹೊಗೆ ಹಾಕುವುದು ಮಹಾರಾಷ್ಟ್ರದಲ್ಲಿ 2013ರ ಕಾಯ್ದೆಯ ಪ್ರಕಾರ ಅಪರಾಧ. ಡಾ. ನರೇಂದ್ರ ದಾಭೋಲ್ಕರ್ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು, ಆ ವರ್ಷದ ಆಗಸ್ಟ್ 20ರಂದು ಪುಣೆಯಲ್ಲಿ ಅವರ ಕೊಲೆಯಾದ ಮೇಲೆ ಅದು ಬಂತು. ಕರ್ನಾಟಕದಲ್ಲೂ ಇಂಥ ಕಾಯ್ದೆ 2017ರಲ್ಲಿ ಅಂಗೀಕಾರವಾಯಿತು.

ನಿಮ್ಮ ಮನೆಯಲ್ಲಿ ಹಿರಿಯರು 'ಅಲ್ಲಿ ಯಾರೋ ಇದ್ದಾರೆ' ಅಂದರೆ ಮೂರು ಮಾತು ನೆನಪಿಡಿ. ಒಂದು, ಮೊದಲು ವೈದ್ಯರು. ಬಿ12 ಕೊರತೆ, ಥೈರಾಯ್ಡ್, ಮೂತ್ರದ ಸೋಂಕು, ಕಣ್ಣಿನ ಪೊರೆ, ಇವೂ ಗೊಂದಲ ತರುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ಎರಡು, 'ಅಲ್ಲಿ ಯಾರೂ ಇಲ್ಲ' ಅಂತ ವಾದ ಮಾಡಬೇಡಿ, ಅವರಿಗೆ ಕಾಣ್ತಾ ಇರುವುದು ನಿಜ. ಮಾತು ಬೇರೆ ಕಡೆ ತಿರುಗಿಸಿ, ಲೈಟ್ ಹಾಕಿ, ಕನ್ನಡಿ ಮುಚ್ಚಿ. ಮೂರು, ನೋಡಿಕೊಳ್ಳುವವರಿಗೂ ಆಸರೆ ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. 1992ರಲ್ಲಿ ಶುರುವಾದ ಎಆರ್‌ಡಿಎಸ್‌ಐ ಅನ್ನುವ ಸಂಸ್ಥೆ ಡಿಮೆನ್ಷಿಯಾ ಇರುವವರ ಕುಟುಂಬಗಳಿಗಾಗಿಯೇ ಕೆಲಸ ಮಾಡುತ್ತೆ.

ನಾಲ್ಕನೆಯದೂ ಒಂದಿದೆ, ಒಡಹುಟ್ಟಿದವರಿಗೆ. ಸಿನಿಮಾದ ಅಕ್ಕ-ತಮ್ಮ ಸೋತದ್ದು ಸಾಧನ ಕಡಿಮೆಯಾಗಿ ಅಲ್ಲ. ಇಬ್ಬರೂ ತಮ್ಮ ತಮ್ಮ ನೆನಪನ್ನು ಗೆಲ್ಲಿಸಲು ಕೂತಿದ್ದರು. ಕ್ಯಾಮೆರಾ ಎಷ್ಟೇ ಇರಲಿ, ಇಬ್ಬರೂ ಒಪ್ಪಿ ಬರೆದ ಒಂದು ಪುಟ ಅವರ ಹತ್ತಿರ ಇರಲಿಲ್ಲ. ಅಪ್ಪ-ಅಮ್ಮನಿಗೆ ವಯಸ್ಸಾದಾಗ ನೀವೂ ನಿಮ್ಮ ಅಕ್ಕನೋ ಅಣ್ಣನೋ ಬೇರೆ ಬೇರೆ ಕಥೆ ಹೇಳ್ತೀರಿ, ಅದು ಸಹಜ. ಒಬ್ಬರು ದೇವಸ್ಥಾನ ಅಂತೀರಿ, ಇನ್ನೊಬ್ಬರು ಆಸ್ಪತ್ರೆ. ಯಾರು ಸರಿ ಅನ್ನುವುದನ್ನು ಒಂದು ತಿಂಗಳು ಪಕ್ಕಕ್ಕಿಡಿ. ಹತ್ತಿರ ಇರುವವರು ಗಂಟೆ, ಬೆಳಕು, ಮಾತು ಬರೆಯಲಿ. ದೂರ ಇರುವವರು ದಿನಾ ರಾತ್ರಿ ಅದನ್ನು ಓದಿಸಿಕೊಳ್ಳಲಿ. ತಜ್ಞರ ಮುಂದೆ ಇಬ್ಬರೂ ಒಟ್ಟಿಗೆ ಕೂರಿ.

ಇಷ್ಟು ಹೇಳಬೇಕಿತ್ತು. ಕಿಟಕಿಗೆ ಪರದೆ ಹಾಕಿ, ಹಿರಿಯರ ಕೋಣೆಯ ಲೈಟ್ ಬೇಗ ಹಚ್ಚಿ.